ಮಠ, ಮದರಸಾ, ಆಶ್ರಮದ ಹಾಸ್ಟೆಲ್ ಮೇಲೆ ದೌರ್ಜನ್ಯದ ಆರೋಪ ಬಂದಾಗ: ನಂಬಬೇಕೋ, ಬಿಡಬೇಕೋ?

ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೂ ಇಂಥ ಮೆಸೇಜ್ ಬಂದಿರಬಹುದು. "ಈ ಆಶ್ರಮದಲ್ಲಿ ಮಕ್ಕಳಿಗೆ ಏನು ಮಾಡುತ್ತಾರೆ ಗೊತ್ತಾ? ಎಲ್ಲರಿಗೂ ಶೇರ್ ಮಾಡಿ." ಅರ್ಧ ಗಂಟೆಯಲ್ಲಿ ಅದೇ ಗ್ರೂಪಿಗೆ ಇನ್ನೊಂದು ಬರುತ್ತದೆ. "ಇದೆಲ್ಲ ನಮ್ಮ ಧರ್ಮದ ಹೆಸರು ಕೆಡಿಸುವ ಪಿತೂರಿ. ಎಲ್ಲರಿಗೂ ಶೇರ್ ಮಾಡಿ." ಎರಡನ್ನೂ ಕಳುಹಿಸಿದವರು ಆ ಆಶ್ರಮದ ಗೇಟನ್ನೂ ನೋಡಿರುವುದಿಲ್ಲ.

ಹಾಗಾದರೆ ಇಂಥ ಆರೋಪವನ್ನು ಸಾಮಾನ್ಯ ಓದುಗರು ಹೇಗೆ ತೂಗಬೇಕು? ಅದನ್ನು ಒಂದೊಂದಾಗಿ ನೋಡೋಣ.

ಒಂದು ಫಾರ್ವರ್ಡ್ ಏನು ಮಾಡಬಲ್ಲದು?

ಕಮಲನಗರ, ಔರಾದ್ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2018ರ ಜುಲೈ 13ರಂದು ಹೈದರಾಬಾದಿನಿಂದ ಗೆಳೆಯನ ಊರಿಗೆ ಬಂದಿದ್ದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. "ಮಕ್ಕಳ ಕಳ್ಳರು" ಎಂಬ ಸುದ್ದಿ, ಜೊತೆಗೆ ವಿಡಿಯೊ, ವಾಟ್ಸ್ಆ್ಯಪ್‌ನಲ್ಲಿ ಓಡಿತು. ಮುರ್ಕಿ ಗ್ರಾಮದ ಬಳಿ ಜನ ಅವರ ಕಾರನ್ನು ಅಡ್ಡಗಟ್ಟಿದರು. ಗುಂಪಿನ ಹೊಡೆತಕ್ಕೆ ಒಬ್ಬ ಯುವಕ ಸತ್ತ. ಉಳಿದವರೂ, ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಸುದ್ದಿ ಸುಳ್ಳಾಗಿತ್ತು. ಮೆಸೇಜ್ ಕಳುಹಿಸಿದವರೆಲ್ಲ ಮಕ್ಕಳ ಮೇಲಿನ ಕಾಳಜಿಯಿಂದಲೇ ಕಳುಹಿಸಿದ್ದೆವು ಅಂದುಕೊಂಡಿದ್ದರು.

ಇದರಿಂದ "ಮಕ್ಕಳ ಬಗ್ಗೆ ಬರುವ ಆರೋಪ ಎಲ್ಲ ಸುಳ್ಳು" ಎಂಬ ಪಾಠ ಕಲಿತರೆ ಅದೂ ಅಷ್ಟೇ ದೊಡ್ಡ ತಪ್ಪು. 2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ಅಧ್ಯಯನ ಪ್ರಕಟಿಸಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಅವರಲ್ಲಿ ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ.

ಅಂದರೆ ಅಪಾಯ ಎರಡೂ ಕಡೆ ಇದೆ. ಸುಳ್ಳು ಸುದ್ದಿ ಒಂದು ಜೀವ ತೆಗೆಯಬಹುದು. ಮೌನ ನೂರು ಮಕ್ಕಳ ಬಾಲ್ಯ ತೆಗೆಯಬಹುದು.

ಧಾರ್ಮಿಕ ಹಾಸ್ಟೆಲ್‌ಗಳ ಬಗ್ಗೆ ಅನುಮಾನ ಪಡುವುದು ಯಾಕೆ ಕಷ್ಟ?

ನಮ್ಮ ನಾಡಿನಲ್ಲಿ ಬಡವರ ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟವರಲ್ಲಿ ಮಠಗಳು ಮುಂದಿವೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಳಿದು ಓದುತ್ತಾರೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರನ್ನು ಬೀದರ್ ಜಿಲ್ಲೆ ಇಂದಿಗೂ ನೆನೆಯುತ್ತದೆ. ಚರ್ಚ್‌ಗಳ ಅನಾಥಾಲಯ, ಮದರಸಾಗಳ ವಸತಿ ಶಾಲೆಗಳಲ್ಲಿ ಓದಿ ಬದುಕು ಕಟ್ಟಿಕೊಂಡವರೂ ಬಹಳ. ಈ ಋಣ ನಿಜವಾದದ್ದು, ಅದನ್ನು ಯಾರೂ ಅಲ್ಲಗಳೆಯಬೇಕಿಲ್ಲ.

ಆದರೆ ಒಂದು ಮಾತು ನೆನಪಿರಲಿ. ಸಂಸ್ಥೆಯ ಒಳ್ಳೆಯ ಹೆಸರು ಆರೋಪಕ್ಕೆ ಉತ್ತರವಲ್ಲ. ಬೇರೊಂದು ಸಂಸ್ಥೆಯ ಕೆಟ್ಟ ಹೆಸರು ಈ ಸಂಸ್ಥೆಯ ವಿರುದ್ಧ ಸಾಕ್ಷಿಯೂ ಅಲ್ಲ. ಅಪಾಯ ಇರುವುದು ಧರ್ಮದಲ್ಲಿ ಅಲ್ಲ, ವ್ಯವಸ್ಥೆಯಲ್ಲಿ. ಊಟ, ಹಾಸಿಗೆ, ಶಾಲೆ, ಮನೆಗೆ ಹೋಗುವ ಅನುಮತಿ ಎಲ್ಲವೂ ಒಬ್ಬರದೇ ಕೈಯಲ್ಲಿರುತ್ತದೆ. ಅಪ್ಪ ಅಮ್ಮ ದೂರದಲ್ಲಿರುತ್ತಾರೆ, ಫೋನ್ ಇರುವುದಿಲ್ಲ. ಹೊರಗಿನವರು ಬಂದು ಕೇಳುವುದಿಲ್ಲ. "ದಾರಿ ತಪ್ಪಿದ ಹುಡುಗ" ಎಂದು ಸೇರಿಸಿದವನ ಮಾತನ್ನಂತೂ ಮನೆಯವರೇ ನಂಬುವುದಿಲ್ಲ. ಇಂಥ ಕಡೆ ಬೇಲಿಯೇ ಎದ್ದು ಹೊಲ ಮೇಯ್ದರೆ ಹೇಳುವವರಿರುವುದಿಲ್ಲ.

ಐರ್ಲೆಂಡ್‌ನಲ್ಲಿ ಕ್ರೈಸ್ತ ಸಂಘಗಳು ನಡೆಸುತ್ತಿದ್ದ ಮಕ್ಕಳ ಸುಧಾರಣಾ ಶಾಲೆಗಳ ಬಗ್ಗೆ 2009ರಲ್ಲಿ ಬಂದ ಆಯೋಗದ ವರದಿ ದಶಕಗಳ ಕಾಲ ನಡೆದ ಹಿಂಸೆಯನ್ನು ದಾಖಲಿಸಿತು. ಬಿಹಾರದ ಮುಜಫ್ಫರ್‌ಪುರದ ಬಾಲಿಕಾ ಗೃಹ ಯಾವ ಧರ್ಮದ್ದೂ ಅಲ್ಲ, ಸರ್ಕಾರದ ಹಣದಲ್ಲಿ ಒಂದು ಎನ್‌ಜಿಒ ನಡೆಸುತ್ತಿದ್ದದ್ದು. ಅಲ್ಲಿನ ದೌರ್ಜನ್ಯ 2018ರಲ್ಲಿ ಹೊರಬಂದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ಒಳಗೆ ಹೋಗಿ ಮಕ್ಕಳನ್ನು ಮಾತನಾಡಿಸಿದ ಮೇಲೆ. 2020ರಲ್ಲಿ ಅದರ ಮುಖ್ಯಸ್ಥನಿಗೆ ಜೀವಾವಧಿ ಶಿಕ್ಷೆಯಾಯಿತು. ಎರಡೂ ಕಡೆ ಮಕ್ಕಳು ಹೊರಗಿನವರ ಕಣ್ಣಿಗೆ ಬೀಳದೆ ಉಳಿದಿದ್ದರು.

ಚಿತ್ರದುರ್ಗದ ಪ್ರಕರಣ ಏನು ಕಲಿಸುತ್ತದೆ?

ಕರ್ನಾಟಕದಲ್ಲಿ ಹೆಚ್ಚು ಚರ್ಚೆಯಾದದ್ದು ಚಿತ್ರದುರ್ಗದ ಮುರುಘಾ ಮಠದ ಪ್ರಕರಣ. ಮಠದ ಹಾಸ್ಟೆಲ್‌ನಲ್ಲಿದ್ದ ಇಬ್ಬರು ಬಾಲಕಿಯರು ಮೈಸೂರಿನ ಒಡನಾಡಿ ಸಂಸ್ಥೆಯ ಬಳಿ ಹೇಳಿಕೊಂಡರು. 2022ರ ಆಗಸ್ಟ್ 26ರಂದು ಮೈಸೂರಿನ ನಜರ್‌ಬಾದ್ ಠಾಣೆಯಲ್ಲಿ ಪೋಕ್ಸೊ ಕಾಯ್ದೆಯಡಿ ದೂರು ದಾಖಲಾಗಿ ಚಿತ್ರದುರ್ಗಕ್ಕೆ ವರ್ಗವಾಯಿತು. ಸೆಪ್ಟೆಂಬರ್ 1ರ ರಾತ್ರಿ ಶಿವಮೂರ್ತಿ ಮುರುಘಾ ಶರಣರ ಬಂಧನವಾಯಿತು. ಅವರು ಆರೋಪ ನಿರಾಕರಿಸಿದರು, ಬೆಂಬಲಿಗರು ಪಿತೂರಿ ಎಂದರು. ಇನ್ನೊಂದು ದೂರೂ ದಾಖಲಾಯಿತು. 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಜಾಮೀನು ಕೊಟ್ಟಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಸಾಕ್ಷಿಗಳ ವಿಚಾರಣೆ ಮುಗಿಯುವವರೆಗೆ ಮತ್ತೆ ಬಂಧನದಲ್ಲಿರಬೇಕು ಎಂದಿತು. 2025ರ ನವೆಂಬರ್ 26ರಂದು ಚಿತ್ರದುರ್ಗದ ನ್ಯಾಯಾಲಯ ಮೊದಲ ಪ್ರಕರಣದಲ್ಲಿ ಅವರನ್ನು ಖುಲಾಸೆಗೊಳಿಸಿತು.

ಈಗ ನಿಮ್ಮ ಫೋನಿಗೆ ಆಗ ಬಂದ ಫಾರ್ವರ್ಡ್‌ಗಳನ್ನು ನೆನಪಿಸಿಕೊಳ್ಳಿ. ಬಂಧನವಾದ ದಿನ "ಅಪರಾಧ ಸಾಬೀತು" ಎಂದವರು, ಜಾಮೀನು ಸಿಕ್ಕ ದಿನ "ನಿರಪರಾಧಿ ಎಂದು ಕೋರ್ಟ್ ಹೇಳಿತು" ಎಂದವರು, ಇಬ್ಬರೂ ತಪ್ಪು. ಬಂಧನ ತನಿಖೆಯ ಒಂದು ಹಂತ. ಜಾಮೀನು ವಿಚಾರಣೆ ಮುಗಿಯುವವರೆಗಿನ ಏರ್ಪಾಡು. ಖುಲಾಸೆ ಎಂದರೆ ಆರೋಪ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಲಿಲ್ಲ ಎಂದು. ಕಾನೂನಿನ ಕಣ್ಣಿನಲ್ಲಿ ಆ ವ್ಯಕ್ತಿ ಆ ಪ್ರಕರಣದಲ್ಲಿ ನಿರಪರಾಧಿ, ಅದನ್ನು ಒಪ್ಪಬೇಕು. ಆದರೆ ಖುಲಾಸೆಯಾದ ಮಾತ್ರಕ್ಕೆ ದೂರು ಕೊಟ್ಟ ಮಕ್ಕಳು ಸುಳ್ಳು ಹೇಳಿದರು ಎಂಬ ತೀರ್ಪು ಬಂದಂತಾಗುವುದಿಲ್ಲ. ಅದು ಬೇರೆಯೇ ಪ್ರಶ್ನೆ.

ಸಾಮಾನ್ಯವಾಗಿ ಕೇಳುವ ಐದು ಮಾತುಗಳು

"ನಿಜವಾಗಿದ್ದರೆ ಅಂದೇ ಯಾಕೆ ಹೇಳಲಿಲ್ಲ?"
ತಡವಾಗಿ ಹೇಳುವುದೇ ಸಾಮಾನ್ಯ. ಆಸ್ಟ್ರೇಲಿಯಾದ ರಾಯಲ್ ಕಮಿಷನ್ 2013ರಿಂದ 2017ರವರೆಗೆ ಸಂಸ್ಥೆಗಳಲ್ಲಿ ನಡೆದ ಮಕ್ಕಳ ಮೇಲಿನ ದೌರ್ಜನ್ಯದ ತನಿಖೆ ಮಾಡಿತು. ತನ್ನ ಮುಂದೆ ಖಾಸಗಿಯಾಗಿ ಮಾತನಾಡಿದ ಸಂತ್ರಸ್ತರು ವಿಷಯವನ್ನು ಮೊದಲ ಬಾರಿ ಬಾಯಿಬಿಡಲು ಸರಾಸರಿ 23.9 ವರ್ಷ ತೆಗೆದುಕೊಂಡಿದ್ದರು ಎಂದು ಅದು ದಾಖಲಿಸಿದೆ. ತಡ ಎಂಬುದು ಸುಳ್ಳಿನ ಗುರುತಲ್ಲ.

"ಮೆಡಿಕಲ್ ರಿಪೋರ್ಟ್ ನಾರ್ಮಲ್ ಬಂದಿದೆ, ಹಾಗಾದರೆ ಏನೂ ಆಗಿಲ್ಲ."
ಇದು ತಪ್ಪು ತಿಳಿವಳಿಕೆ. ಅಮೆರಿಕದಲ್ಲಿ ದೌರ್ಜನ್ಯದ ಶಂಕೆಯಿಂದ ಪರೀಕ್ಷೆಗೆ ಬಂದ 2,384 ಮಕ್ಕಳ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ದೇಹದಲ್ಲಿ ಅಸಹಜ ಗುರುತು ಕಂಡದ್ದು ಸುಮಾರು 4% ಮಕ್ಕಳಲ್ಲಿ ಮಾತ್ರ. ಅನೇಕ ಕೃತ್ಯಗಳು ಗಾಯ ಉಳಿಸುವುದಿಲ್ಲ, ಆದ ಗಾಯವೂ ಬೇಗ ಮಾಯುತ್ತದೆ.

"ಮಕ್ಕಳು ಸುಳ್ಳು ಹೇಳುವುದೇ ಇಲ್ಲ."
ಇದೂ ಪೂರ್ತಿ ಸರಿಯಲ್ಲ. ಮಗು ಬೇಕೆಂದು ಸುಳ್ಳು ಹೇಳುವುದಕ್ಕಿಂತ ದೊಡ್ಡ ತೊಂದರೆ ನಾವು ಕೇಳುವ ರೀತಿ. ಅಮೆರಿಕದ ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಪ್ರಕರಣ 1983ರಲ್ಲಿ ಶುರುವಾಯಿತು. ಪುಟ್ಟ ಮಕ್ಕಳಿಗೆ "ಹೀಗೇ ಮಾಡಿದರು ಅಲ್ವಾ?" ಎಂಬ ಧಾಟಿಯಲ್ಲಿ ಮತ್ತೆ ಮತ್ತೆ ಕೇಳಲಾಯಿತು. ಕೊನೆಗೆ ನಂಬಲಾಗದ ಕತೆಗಳೂ ಹುಟ್ಟಿದವು. 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಪ್ರಕರಣ ಮುಗಿಯಿತು. ಹಾಗಾಗಿ ಮಗು ಹೇಳಿದರೆ ಕೇಳಿಸಿಕೊಳ್ಳಿ, ಬಾಯಿಗೆ ಮಾತು ತುರುಕಬೇಡಿ. "ಆಮೇಲೆ ಏನಾಯ್ತು ಪುಟ್ಟಾ?" ಎಂಬಷ್ಟು ಸಾಕು. ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಾ ಹತ್ತು ಜನರ ಮುಂದೆ ಹೇಳಿಸುವುದಂತೂ ಬೇಡವೇ ಬೇಡ.

"ಆಡಳಿತದ ಜಗಳ ಇದೆ, ಆಸ್ತಿ ವ್ಯಾಜ್ಯ ಇದೆ. ಹಾಗಾಗಿ ದೂರು ಸುಳ್ಳು."
ಜಗಳ ಇದ್ದರೆ ಅದನ್ನು ತನಿಖೆ ಮಾಡುವವರು ಗಮನಿಸಬೇಕು. ಆದರೆ ಜಗಳವೊಂದೇ ಉತ್ತರವಲ್ಲ. ಒಳಜಗಳ ಇರುವ ಕಡೆ ದೌರ್ಜನ್ಯ ನಡೆಯಬಾರದೆಂದೇನೂ ಇಲ್ಲ. ಎಷ್ಟೋ ಸಲ ಜಗಳವಾದಾಗಲೇ ಮುಚ್ಚಿಟ್ಟದ್ದು ಹೊರಬರುವುದು.

"ದಂಡಿಸದೆ ದಾರಿಗೆ ಬರುತ್ತಾರಾ? ಅದು ಶಿಸ್ತು."
ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಮಕ್ಕಳ ಪಾಲನಾ ಸಂಸ್ಥೆಯಲ್ಲಿ ಶಿಸ್ತಿನ ಹೆಸರಿನಲ್ಲಿ ಹೊಡೆಯುವುದು ಅಪರಾಧ. ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು ಮಾನಸಿಕ ಆರೋಗ್ಯ ಕಾಯ್ದೆ 2017 ನಿಷೇಧಿಸಿದೆ. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ನಂಬಿಕೆಯಲ್ಲಿ ಬಂದವರನ್ನು ಇರಿಸಿಕೊಳ್ಳುತ್ತಿದ್ದ ಒಂದು ಮನೆಗೆ 2001ರ ಆಗಸ್ಟ್‌ನಲ್ಲಿ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ. 28 ಜನ ಸತ್ತರು.

ಆರೋಪವನ್ನು ತೂಗುವುದು ಹೇಗೆ?

"ಬೆಂಕಿ ಇಲ್ಲದೆ ಹೊಗೆ ಬರುತ್ತದೆಯೇ" ಎಂದು ಕೇಳುವವರಿದ್ದಾರೆ. ಮುರ್ಕಿಯಲ್ಲಿ ಬೆಂಕಿ ಇರಲೇ ಇಲ್ಲ. ಹಾಗಾಗಿ ಗಾದೆಯ ಬದಲು ಈ ಪ್ರಶ್ನೆಗಳನ್ನು ಕೇಳಿ:

- ಹೇಳುತ್ತಿರುವವರು ಯಾರು? ಅನುಭವಿಸಿದವರೋ, ಕಣ್ಣಾರೆ ಕಂಡವರೋ, "ಯಾರೋ ಹೇಳಿದರು" ಎನ್ನುವವರೋ?
- ಜಾಗ, ಸಮಯ, ಕೋಣೆ, ಯಾರ ಕೈಯಲ್ಲಿ ಬೀಗದಕೈ ಇತ್ತು ಎಂಬಂಥ ಪರಿಶೀಲಿಸಬಹುದಾದ ವಿವರ ಇದೆಯೇ?
- ಬೇರೆ ಬೇರೆ ವರ್ಷ ಅಲ್ಲಿದ್ದ, ಪರಸ್ಪರ ಗುರುತಿಲ್ಲದವರು ಒಂದೇ ರೀತಿಯ ಮಾತು ಹೇಳುತ್ತಿದ್ದಾರೆಯೇ?
- ಹಾಜರಿ ಪುಸ್ತಕ, ಆಸ್ಪತ್ರೆ ಚೀಟಿ, ಮಧ್ಯದಲ್ಲೇ ಹಾಸ್ಟೆಲ್ ಬಿಟ್ಟವರ ಪಟ್ಟಿಯಂಥ ದಾಖಲೆಗಳು ಏನು ಹೇಳುತ್ತವೆ?
- ಠಾಣೆಯಲ್ಲಿ ದೂರು ದಾಖಲಾಗಿದೆಯೇ? ಪ್ರಕರಣ ಈಗ ಯಾವ ಹಂತದಲ್ಲಿದೆ?
- ಸಂಸ್ಥೆ ಏನು ಮಾಡಿತು? ಪೊಲೀಸರಿಗೆ ತಿಳಿಸಿ ದಾಖಲೆ ಕೊಟ್ಟಿತೇ, ಅಥವಾ "ಒಳಗೇ ಬಗೆಹರಿಸಿಕೊಳ್ಳೋಣ" ಎಂದು ಮಕ್ಕಳನ್ನು ರಾತ್ರೋರಾತ್ರಿ ಊರಿಗೆ ಕಳಿಸಿತೇ?

ಕೊನೆಯ ಪ್ರಶ್ನೆ ಬಹಳ ಮುಖ್ಯ. ತಪ್ಪು ಮಾಡದ ಸಂಸ್ಥೆಗೂ ಆರೋಪ ಬರಬಹುದು. ಆದರೆ ಅದು ತನಿಖೆಗೆ ಬಾಗಿಲು ತೆರೆಯುತ್ತದೆ, ದೂರು ಕೊಟ್ಟವರನ್ನು ಬೆದರಿಸುವುದಿಲ್ಲ.

ಕಾನೂನು ನಿಮ್ಮಿಂದ ಏನು ಕೇಳುತ್ತದೆ?

18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಇದು ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆ ಇದೆ. ಹಗೆ ಸಾಧಿಸಲು ಸುಳ್ಳು ದೂರು ಕೊಟ್ಟ ದೊಡ್ಡವರಿಗೆ ಶಿಕ್ಷೆ ಇದೆ, ಮಗುವಿಗೆ ಇಲ್ಲ. ಮಗುವಿನ ಹೇಳಿಕೆ ಪಡೆಯುವಾಗ ಪೊಲೀಸರು ಸಮವಸ್ತ್ರದಲ್ಲಿರಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ಧಾರ್ಮಿಕ ಸಂಸ್ಥೆಯ ಆಡಳಿತದವರು, ಸಿಬ್ಬಂದಿ ಅಲ್ಲಿನ ಮಗುವಿನ ಮೇಲೆ ಕೃತ್ಯ ಎಸಗಿದರೆ ಕಾಯ್ದೆ ಅದನ್ನು ಹೆಚ್ಚು ಗಂಭೀರ ಅಪರಾಧವೆಂದು ಎಣಿಸುತ್ತದೆ.

ಫಾರ್ವರ್ಡ್ ಮಾಡುವವರಿಗೂ ನಿಯಮ ಇದೆ. ಸಂತ್ರಸ್ತ ಮಗುವಿನ ಹೆಸರು, ಫೋಟೊ, ಊರು, ಶಾಲೆ, ಮನೆಯವರ ಗುರುತು ಹೊರಹಾಕುವುದು ಅಪರಾಧ. ದೌರ್ಜನ್ಯದ ವಿಡಿಯೊವನ್ನು "ಜನರಿಗೆ ಎಚ್ಚರಿಕೆ ಕೊಡಲು" ಕಳುಹಿಸಿದರೂ ಅಪರಾಧವೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲಾಗಬಹುದು. ಆ ವಿಡಿಯೊ ಒಂದೊಂದು ಫೋನಿಗೆ ಹೋದಾಗಲೂ ಆ ಮಗುವಿಗೆ ಮತ್ತೊಮ್ಮೆ ಅನ್ಯಾಯವಾಗುತ್ತದೆ.

ಮಗುವನ್ನು ಸೇರಿಸುವ ಮುನ್ನ

ಆರೋಪ ಬರುವವರೆಗೆ ಕಾಯಬೇಕಿಲ್ಲ. ಹಾಸ್ಟೆಲ್ ಅಥವಾ ಆಶ್ರಮ ನೋಡಲು ಹೋದಾಗ ಕೇಳಿ: ಅನಾಥ, ನಿರ್ಗತಿಕ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆಯಾದರೆ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಆಗಿದೆಯೇ? ಮಲಗುವ ಕೋಣೆ ತೋರಿಸುತ್ತಾರೆಯೇ? ಹೇಳದೆ ಬಂದರೂ ಮಗುವನ್ನು ಭೇಟಿ ಮಾಡಲು ಬಿಡುತ್ತಾರೆಯೇ? ಪಕ್ಕದಲ್ಲಿ ಯಾರೂ ನಿಲ್ಲದೆ ಮಗು ಮನೆಗೆ ಫೋನ್ ಮಾಡಬಹುದೇ? ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ಮಹಿಳಾ ವಾರ್ಡನ್ ಇದ್ದಾರೆಯೇ? 1098 ನಂಬರನ್ನು ಗೋಡೆಯ ಮೇಲೆ ಬರೆದಿದ್ದಾರೆಯೇ? ಒಳ್ಳೆಯ ಸಂಸ್ಥೆಯವರು ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಹಾಗಾದರೆ ಮುಂದಿನ ಮೆಸೇಜ್ ಬಂದಾಗ?

ಆರೋಪವನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಬೇರೆ, ತೀರ್ಪು ಕೊಡುವುದು ಬೇರೆ. ಮೊದಲನೆಯದು ನಮ್ಮೆಲ್ಲರ ಕೆಲಸ, ಎರಡನೆಯದು ನ್ಯಾಯಾಲಯದ್ದು. ನಿಮಗೆ ನಿಜವಾಗಿಯೂ ಏನಾದರೂ ಗೊತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೊಲೀಸರ 112ಕ್ಕೆ ಕರೆ ಮಾಡಿ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ ತಿಳಿಸಬಹುದು. ಏನೂ ಗೊತ್ತಿಲ್ಲದಿದ್ದರೆ ಆ ಮೆಸೇಜ್ ನಿಮ್ಮ ಫೋನಿನಲ್ಲೇ ನಿಲ್ಲಲಿ.

ಹಾಸ್ಟೆಲ್‌ನಿಂದ ರಜೆಗೆ ಮನೆಗೆ ಬಂದ ಮಗು "ಅಮ್ಮಾ, ನಾ ಮತ್ತ ಅಲ್ಲಿಗಿ ಹೋಗಲ್ಲ" ಅಂದರೆ, ಬೈದು ಬಸ್ಸು ಹತ್ತಿಸುವ ಮುಂಚೆ ಪಕ್ಕದಲ್ಲಿ ಕೂತು ಯಾಕೆ ಅಂತ ಒಮ್ಮೆ ಕೇಳಿ.