ಬಂಡೆಯಿಂದ ಜಲ್ಲಿಯವರೆಗೆ ಪ್ರತಿ ಹಂತಕ್ಕೂ ಕಾವಲು ಬೇಕು: ನಾಲ್ಕು ತಾಲ್ಲೂಕುಗಳ ಮನವಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ಕಲ್ಲು ಪುಡಿ ಮಾಡುವ ಘಟಕಗಳ ಲೈಸೆನ್ಸ್ ಮತ್ತು ನಿಯಂತ್ರಣ ಪ್ರಾಧಿಕಾರ,
ದಾವಣಗೆರೆ.

ಇಂದ,
ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಕ್ವಾರಿ ಮಗ್ಗುಲಿನ ಗ್ರಾಮಗಳ ರೈತರು, ಕೂಲಿ ಕಾರ್ಮಿಕರು ಹಾಗೂ ನಿವಾಸಿಗಳು.

ವಿಷಯ: ಕಲ್ಲು ಕ್ವಾರಿ ಹಾಗೂ ಕ್ರಷರ್‌ಗಳಲ್ಲಿ ಜಲ್ಲಿ ತಯಾರಿಕೆಯ ಪ್ರತಿ ಹಂತದಲ್ಲೂ ನಿಯಮ ಪಾಲನೆಯನ್ನು ಖಾತ್ರಿಪಡಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾವು ಜಲ್ಲಿಯ ವಿರೋಧಿಗಳಲ್ಲ. ನಮ್ಮ ಊರಿನ ರಸ್ತೆ, ಶಾಲೆಯ ತಾರಸಿ, ಕಾಲುವೆಯ ಗೋಡೆ ಎಲ್ಲವೂ ಜಲ್ಲಿಯಿಂದಲೇ ಆದವು. ನಮ್ಮ ಮನೆಗಳ ಮಕ್ಕಳೇ ಕ್ರಷರ್‌ಗಳಲ್ಲಿ ದುಡಿಯುತ್ತಿದ್ದಾರೆ. ಆದರೆ ಆ ಜಲ್ಲಿ ತಯಾರಾಗುವಾಗ ಏಳುವ ಧೂಳನ್ನು ಕುಡಿಯುವವರೂ, ಸ್ಫೋಟಕ್ಕೆ ಬಿರುಕು ಬಿಟ್ಟ ಗೋಡೆಗೆ ಮೆತ್ತುವವರೂ ನಾವೇ.

ಬಂಡೆಯ ಮೇಲಿನ ಮಣ್ಣು ಸರಿಸಿ, ಕಂಪ್ರೆಸರ್‌ನಿಂದ ಕುಳಿ ಕೊರೆದು, ಮದ್ದು ತುಂಬಿ ಸಿಡಿಸುತ್ತಾರೆ. ದೊಡ್ಡ ಗುಂಡುಗಳನ್ನು ಬ್ರೇಕರ್‌ನಿಂದ ಒಡೆದು ಟಿಪ್ಪರ್‌ನಲ್ಲಿ ತಂದು ಹಾಪರ್‌ಗೆ ಸುರಿಯುತ್ತಾರೆ. ಜಾ ಕ್ರಷರ್ ತನ್ನ ಎರಡು ದವಡೆಗಳ ನಡುವೆ ಕಲ್ಲನ್ನು ಅಗಿಯುತ್ತದೆ, ಕೋನ್ ಕ್ರಷರ್ ಇನ್ನೂ ಸಣ್ಣದಾಗಿಸುತ್ತದೆ. ಅದುರುವ ಜರಡಿಗಳು 40, 20, 12 ಹಾಗೂ 6 ಎಂ.ಎಂ. ಜಲ್ಲಿಯನ್ನು ಬೇರೆ ಮಾಡಿದರೆ, ಜರಡಿಯಲ್ಲಿ ಇಳಿಯದ ದಪ್ಪ ಕಲ್ಲು ಮತ್ತೆ ಕ್ರಷರ್‌ಗೇ ಹೋಗುತ್ತದೆ. ಎಂ-ಸ್ಯಾಂಡ್ ಆಗಬೇಕಾದರೆ ಮತ್ತೊಂದು ಯಂತ್ರದಲ್ಲಿ ಕಲ್ಲನ್ನು ಕಲ್ಲಿಗೇ ಬಡಿಸಿ, ನೀರಿನಲ್ಲಿ ತೊಳೆದು ನಯವಾದ ಪುಡಿ ತೆಗೆಯುತ್ತಾರೆ. ಈ ಪ್ರತಿ ಹಂತದಲ್ಲೂ ಒಂದೊಂದು ಅಪಾಯವಿದೆ, ಅದನ್ನು ತಡೆಯುವ ನಿಯಮಗಳೂ ಇವೆ. ಅವು ಕಡತ ಬಿಟ್ಟು ಕ್ವಾರಿಯ ಅಂಗಳಕ್ಕೆ ಇಳಿಯಲಿ ಎಂಬುದಷ್ಟೇ ನಮ್ಮ ಕೋರಿಕೆ.

ನಮ್ಮ ಬೇಡಿಕೆಗಳು:

1. ಸ್ಫೋಟ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸಮೀಪದ ಹುಣಸೋಡಿನ ಸ್ಫೋಟದ ಅದುರು ದಾವಣಗೆರೆ ಜಿಲ್ಲೆಗೂ ತಟ್ಟಿತ್ತು. ಒಂದು ತಿಂಗಳು ಕಳೆಯುತ್ತಲೇ, ಫೆಬ್ರುವರಿ 23ರಂದು, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಆದ್ದರಿಂದ ನಾಲ್ಕೂ ತಾಲ್ಲೂಕುಗಳಲ್ಲಿ ಸ್ಫೋಟಕಗಳ ದಾಸ್ತಾನು, ಸಾಗಣೆ ಮತ್ತು ಬಳಕೆಯ ಲೆಕ್ಕವನ್ನು ಪೊಲೀಸ್ ಹಾಗೂ ಗಣಿ ಇಲಾಖೆ ಜಂಟಿಯಾಗಿ ತಾಳೆ ನೋಡಬೇಕು. ಸ್ಫೋಟದ ವೇಳೆಯನ್ನು ಮುಂಚಿತವಾಗಿ ಗ್ರಾಮ ಪಂಚಾಯಿತಿ ಫಲಕದಲ್ಲಿ ಹಾಕಿ, ಸೈರನ್ ಕೂಗಿಸಿದ ಮೇಲೆಯೇ ಸಿಡಿಸಬೇಕು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಂತೆ, 8 ಹರ್ಟ್ಸ್‌ಗಿಂತ ಕಡಿಮೆ ಆವರ್ತನದ ಕಂಪನ ಸಾಮಾನ್ಯ ಮನೆಗಳ ಬಳಿ ಸೆಕೆಂಡಿಗೆ 5 ಎಂ.ಎಂ. ಮೀರುವಂತಿಲ್ಲ. ಊರಿನ ಅಂಚಿನ ಮನೆಯಲ್ಲೇ ಈ ಅಳತೆ ನಡೆದು, ಅಂಕಿ ಊರಿಗೆ ತಿಳಿಯಬೇಕು.

2. ಧೂಳು. ಕ್ರಷರ್‌ನಿಂದ 40 ಮೀಟರ್ ದೂರದಲ್ಲಿ ಘನ ಮೀಟರ್ ಗಾಳಿಗೆ ಘಟಕ ಸೇರಿಸುವ ಧೂಳು 600 ಮೈಕ್ರೋಗ್ರಾಂಗಿಂತ ಕಡಿಮೆ ಇರಬೇಕು. ತಿಂಗಳಿಗೆ ಕನಿಷ್ಠ ಎರಡು ಬಾರಿ ಅಳೆಯಬೇಕು ಎಂದು ಪರಿಸರ ನಿಯಮವೇ ಹೇಳುತ್ತದೆ. ಹಾಪರ್, ಜರಡಿ, ಕನ್ವೇಯರ್‌ಗಳಿಗೆ ಹೊದಿಕೆ, ನೀರಿನ ಸಿಂಪರಣೆ, ಗಾಳಿ ತಡೆಯುವ ಗೋಡೆ, ಸುತ್ತ ಗಿಡಗಳ ಸಾಲು ಇಲ್ಲದ ಘಟಕದ ಲೈಸೆನ್ಸ್ ನವೀಕರಿಸಬಾರದು. ಅಡಿಕೆ ಹಿಂಗಾರದ ಮೇಲೂ ಮೆಕ್ಕೆಜೋಳದ ಸುಳಿಯೊಳಗೂ ಕೂರುವ ಪುಡಿಯಿಂದ ಆಗುವ ಬೆಳೆ ನಷ್ಟವನ್ನು ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು ಅಂದಾಜಿಸಿ ಪರಿಹಾರ ಕೊಡಿಸಬೇಕು.

3. ಕಾರ್ಮಿಕರ ಉಸಿರು. ಕಣ್ಣಿಗೆ ಕಾಣದ ಸಿಲಿಕಾ ಪುಡಿ ಶ್ವಾಸಕೋಶದಲ್ಲಿ ಕೂತು ಬರಿಸುವ ಸಿಲಿಕೋಸಿಸ್ ವಾಸಿಯಾಗದ ಕಾಯಿಲೆ. ಕ್ಷಯವೆಂದು ತಿಳಿದು ವರ್ಷಗಟ್ಟಲೆ ಗುಳಿಗೆ ನುಂಗಿದವರು ನಮ್ಮಲ್ಲಿದ್ದಾರೆ. ಕುಳಿ ಕೊರೆಯುವಾಗ ನೀರು ಹಾಯಿಸುವುದು ಕಡ್ಡಾಯವಾಗಲಿ. ಹೊರ ರಾಜ್ಯದವರೂ ಸೇರಿದಂತೆ ಪ್ರತಿ ಕಾರ್ಮಿಕನಿಗೆ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಮತ್ತು ಉಸಿರಾಟದ ಪರೀಕ್ಷೆ ನಡೆದು, ವರದಿ ಅವರ ಕೈಸೇರಲಿ.

4. ನೀರು. ಎಂ-ಸ್ಯಾಂಡ್ ತೊಳೆದ ಕೆಸರು ನೀರು ಹಳ್ಳಕ್ಕೆ ಇಳಿಯದಂತೆ ತಿಳಿಗೊಳಿಸುವ ತೊಟ್ಟಿ ಕಟ್ಟಿಸಿ, ಅದೇ ನೀರನ್ನು ಮರುಬಳಸಬೇಕು. ಸೂಳೆಕೆರೆಗೆ ಹರಿಯುವ ಹಳ್ಳಗಳಿಗೂ, ತುಂಗಭದ್ರೆಯ ನೀರು ತಂದು ತುಂಬಿಸುವ ಜಗಳೂರಿನ ಕೆರೆಗಳಿಗೂ ಕಲ್ಲುಪುಡಿಯ ಹೂಳು ಸೇರಬಾರದು.

5. ಸಾಗಣೆ. ಟಿಪ್ಪರ್‌ಗಳಿಗೆ ಟಾರ್ಪಾಲು, ತೂಕದ ಚೀಟಿ, ಪರ್ಮಿಟ್ ತಪಾಸಣೆ ಕಡ್ಡಾಯವಾಗಬೇಕು. ಶಾಲೆ ಸೇರುವ, ಬಿಡುವ ಹೊತ್ತಿನಲ್ಲಿ ಊರೊಳಗಿನ ಓಡಾಟ ನಿಲ್ಲಬೇಕು.

6. ಕಾಡು. ಜಗಳೂರಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿ ವನ್ಯಧಾಮವಾಯಿತು. ಅದರ ಅಂಚಿನಲ್ಲಿ ಹೊಸ ಅನುಮತಿ ಕೊಡುವ ಮುನ್ನ ಅರಣ್ಯ ಇಲಾಖೆಯೊಡನೆ ಜಂಟಿ ಅಳತೆ ನಡೆಯಬೇಕು. ಸಣ್ಣ ಕ್ವಾರಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರುವರಿ 27ರಂದೇ ಹೇಳಿದೆ.

7. ಬಿಟ್ಟುಹೋದ ಹೊಂಡ. ಕಲ್ಲು ಮುಗಿದ ಕ್ವಾರಿಗಳು ಮಳೆಗಾಲದಲ್ಲಿ ಕೆರೆಯಂತೆ ತುಂಬುತ್ತವೆ. ಆದರೆ ಅವಕ್ಕೆ ಕೆರೆಯ ಇಳಿಜಾರು ದಂಡೆಯಿಲ್ಲ, ಕಾಲಿಟ್ಟರೆ ಆಳ. ದನ ಮೈತೊಳೆಸಲು, ಈಜಲು ಹೋಗುವ ಮಕ್ಕಳ ಜೀವ ಉಳಿಯಲು ಬೇಲಿ ಬೇಕು. ಗುತ್ತಿಗೆದಾರರ ಹೊಣೆ ಮುಗಿಸುವ ಮುನ್ನ ಹೊಂಡ ಸುರಕ್ಷಿತವಾಗಿದೆ ಎಂದು ಸ್ಥಳ ತನಿಖೆಯಲ್ಲಿ ದೃಢಪಡಬೇಕು.

8. ಖನಿಜ ನಿಧಿ. 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ಇರುವುದೇ ಗಣಿಬಾಧಿತರ ಒಳಿತಿಗೆ. ಅದರ ಹಣ ಮೊದಲು ಕ್ವಾರಿ ಮಗ್ಗುಲಿನ ಊರುಗಳ ಕುಡಿಯುವ ನೀರು, ಆರೋಗ್ಯ ಮತ್ತು ರಸ್ತೆಗೆ ಸಲ್ಲಬೇಕು. ಖರ್ಚಿನ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಬೇಕು.

ಮಾನ್ಯರೇ, ಹೊಸ ಕಾಯ್ದೆಯನ್ನು ನಾವು ಕೇಳುತ್ತಿಲ್ಲ. ಮೂವತ್ತು ದಿನಗಳೊಳಗೆ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸಂಬಂಧಪಟ್ಟ ಇಲಾಖೆಗಳ ಜಂಟಿ ಸಭೆ ಕರೆದು, ಪ್ರತಿ ಬೇಡಿಕೆಗೂ ಲಿಖಿತ ಉತ್ತರ ಕೊಡಬೇಕು. ಸ್ಥಳ ತನಿಖೆಗೆ ಬರುವ ದಿನ ಊರಿನ ಇಬ್ಬರು ಹೆಂಗಸರು ಮತ್ತು ಇಬ್ಬರು ಕ್ವಾರಿ ಕಾರ್ಮಿಕರನ್ನು ಜೊತೆಗೆ ಕರೆದುಕೊಳ್ಳಬೇಕು. ಧೂಳು ಯಾವ ಹೊತ್ತಿನಲ್ಲಿ, ಯಾವ ದಿಕ್ಕಿನಿಂದ ಬರುತ್ತದೆಂದು ದಿನಕ್ಕೆರಡು ಸಲ ಅಂಗಳ ಗುಡಿಸುವವರಿಗೆ ಚೆನ್ನಾಗಿ ಗೊತ್ತು.



ತಮ್ಮ ವಿಶ್ವಾಸಿಗಳು,
ನಾಲ್ಕು ತಾಲ್ಲೂಕುಗಳ ಕ್ವಾರಿಬಾಧಿತ ಗ್ರಾಮಸ್ಥರು

ಸ್ಥಳ: ದಾವಣಗೆರೆ

ಪ್ರತಿಗಳು: ಗಣಿ ಮತ್ತು ಭೂವಿಜ್ಞಾನ ಇಲಾಖೆ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಅರಣ್ಯ ಇಲಾಖೆ, ನಾಲ್ಕೂ ತಾಲ್ಲೂಕುಗಳ ತಹಶೀಲ್ದಾರರು.