ಗೋಣಿಚೀಲದ ಮರಿಗಳು

ಮಗ್ಗೆಯ ಸುತ್ತಿನ ಊರುಗಳಲ್ಲಿ ಬೆಕ್ಕು ಯಾರೊಬ್ಬರ ಸ್ವತ್ತೂ ಅಲ್ಲ. ಬೆಳಿಗ್ಗೆ ಒಂದು ಮನೆಯ ಹಾಲು, ಮಧ್ಯಾಹ್ನ ಇನ್ನೊಂದು ಮನೆಯ ಮೊಸರನ್ನ, ರಾತ್ರಿ ಮತ್ತೊಬ್ಬರ ಕಣಜದ ಇಲಿ. ಹೀಗೆ ಅದು ಊರಿನವರೆಲ್ಲರ ಆಶ್ರಯದಲ್ಲಿ ಬಾಳುತ್ತದೆ. ಮರಿ ಹಾಕಿದ ತಾಯಿಬೆಕ್ಕು ಏಳು ಮನೆ ಸುತ್ತುತ್ತದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಏಳರಲ್ಲಿ ಯಾವುದಾದರೊಂದು ಮನೆಯವರ ತಾಳ್ಮೆ ಮುಗಿದಾಗ ನಡೆಯುವ ಕಾರ್ಯವನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಕಣ್ಣು ಬಿಟ್ಟೂ ಬಿಡದ ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ, ಮುಸ್ಸಂಜೆಯ ಹೊತ್ತಿನಲ್ಲಿ ಸಂತೆಮಾಳದ ಬದಿಗೋ, ಹೊಳೆಯ ಆಚೆ ದಡಕ್ಕೋ, ಪರರ ಕಾಫಿ ತೋಟದ ಬೇಲಿಯೊಳಕ್ಕೋ ಬಿಟ್ಟು ಬರುವ ರೂಢಿ ಅದು.

“ನಾವೇನು ಕೊಲ್ಲಲಿಲ್ಲವಲ್ಲ, ಬಿಟ್ಟು ಬಂದೆವಷ್ಟೆ” ಎಂಬ ಸಮಾಧಾನದ ಮಾತು ಇದರ ಬೆನ್ನಿಗೇ ಬರುತ್ತದೆ. ಓದುಗ ಬಂಧುಗಳೇ, ಈ ಸಮಾಧಾನವು ನಿಲ್ಲುವಂಥದಲ್ಲ. ತಾಯಿಯ ಹಾಲೂ ಮೈಶಾಖವೂ ತಪ್ಪಿದ ಎಳೆಯ ಮರಿಯು ಮಲೆನಾಡಿನ ಮಳೆಗಾಲದ ಒಂದು ರಾತ್ರಿಯನ್ನು ಕಳೆಯುವುದೇ ದುಸ್ತರ. ಕೊಂದ ಕೈ ಕಾಣುವುದಿಲ್ಲವೆಂಬುದೊಂದೇ ವ್ಯತ್ಯಾಸ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆದು ಹೋಗುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಅಪರಾಧವೆಂದೇ ಎಣಿಸಿದೆ. ಇನ್ನು ಇಲಿಪಾಷಾಣ ಬೆರೆಸಿದ ಅನ್ನವಿಡುವವರ ವಿಚಾರ: 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮು ಅಂಥ ಕೃತ್ಯಕ್ಕೆ 5 ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ.

ಪಾಪದ ಮಾತು, ಕಾನೂನಿನ ಮಾತು ಹಾಗಿರಲಿ. ಬಿಟ್ಟು ಬರುವುದರಿಂದ ಬೆಕ್ಕುಗಳು ಕಡಿಮೆಯಾದುವೇ? ನಮ್ಮ ಆಲೂರು, ಸಕಲೇಶಪುರದ ಜನರಿಗೆ ಇದರ ಉತ್ತರವನ್ನು ಹೊರಗಿನವರು ಹೇಳಿಕೊಡಬೇಕಾದ ಅಗತ್ಯವಿಲ್ಲ. 2013–14ರಲ್ಲಿ ಈ ಭಾಗದಿಂದ 22 ಕಾಡಾನೆಗಳನ್ನು ಹಿಡಿದು ಸಾಗಿಸಿದರು. ಗದ್ದೆ ತೋಟಗಳಲ್ಲಿ ಮೇವು ಇದ್ದೇ ಇತ್ತು. ಕೆಲವೇ ವರ್ಷಗಳಲ್ಲಿ ಬೇರೆ ಆನೆಗಳು ಅದೇ ಹಾದಿ ಹಿಡಿದು ಬಂದುವು. ಆನೆಯ ವಿಷಯದಲ್ಲಿ ಕಂಡ ಸತ್ಯವು ಬೆಕ್ಕಿಗೂ ಅನ್ವಯಿಸುತ್ತದೆ. ಹೋಟೆಲಿನ ಹಿಂದಿನ ಎಂಜಲು, ಸಂತೆಯ ಕಸ, ಕಣಜದ ಇಲಿಗಳು ಇರುವವರೆಗೆ ಒಂದು ಬೆಕ್ಕು ತೆರವು ಮಾಡಿದ ಜಾಗಕ್ಕೆ ಪಕ್ಕದ ಕೇರಿಯ ಮತ್ತೊಂದು ಬೆಕ್ಕು ಬಂದು ಸೇರುತ್ತದೆ.

ಬೆಕ್ಕಿನ ಸಂತಾನದ ಲೆಕ್ಕವನ್ನೂ ಗೃಹಿಣಿಯರು ಅರಿತಿರುವುದು ಒಳ್ಳೆಯದು. ಐದಾರು ತಿಂಗಳ ಪ್ರಾಯಕ್ಕೇ ಹೆಣ್ಣುಮರಿ ಬೆದೆಗೆ ಬರಬಲ್ಲದು. ಗರ್ಭ ಧರಿಸಿದ ಸುಮಾರು 65 ದಿನಗಳಿಗೆ ಮೂರು ನಾಲ್ಕು ಮರಿಗಳನ್ನು ಹಾಕುತ್ತದೆ. ಅವು ಹಾಲು ಬಿಡುವ ಮೊದಲೇ ಮತ್ತೆ ಗರ್ಭ ಧರಿಸುವುದೂ ಉಂಟು. ವರ್ಷಕ್ಕೆ ಎರಡು ಸೂಲು ಸಾಮಾನ್ಯ. ಆದ್ದರಿಂದ ಮರಿಗಳನ್ನು ಸಾಗಿಸುವುದರಲ್ಲಿ ಅರ್ಥವಿಲ್ಲ, ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಅದೇ ಊರಿನಲ್ಲಿ ಅದೇ ಜಾಗಕ್ಕೆ ಬಿಡುವುದೊಂದೇ ಮಾರ್ಗ. ಬೀದಿನಾಯಿಗಳ ವಿಷಯದಲ್ಲಿ ಮದರಾಸಿನ ಬ್ಲೂ ಕ್ರಾಸ್ ಸಂಸ್ಥೆಯು 1960ರ ದಶಕದಲ್ಲಿಯೇ ಈ ಮಾರ್ಗವನ್ನು ತುಳಿಯಿತು. ಕೇಂದ್ರ ಸರ್ಕಾರವು 2001ರಲ್ಲಿ ಅದನ್ನೇ ನಿಯಮವಾಗಿಸಿ, 2023ರಲ್ಲಿ ಹೊಸ ನಿಯಮಗಳನ್ನು ಹೊರಡಿಸಿತು. ಬೆಕ್ಕಿನ ಕಡೆಗೆ ಮಾತ್ರ ನಮ್ಮ ಪಟ್ಟಣಗಳ ಗಮನ ತಡವಾಗಿ ಹರಿದಿದೆ, ಹಳ್ಳಿಗಳದು ಇನ್ನೂ ಹರಿದಿಲ್ಲ.

ಹೆಣ್ಣು ಜೀವದ ತಾಯ್ತನವನ್ನು ಕಸಿದುಕೊಳ್ಳುವುದು ತಪ್ಪಲ್ಲವೇ ಎಂದು ಕೆಲವು ತಾಯಂದಿರು ಕೇಳುವುದುಂಟು. ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣಲಾರೆವು; ಕರುಣೆಯಿಂದ ಹುಟ್ಟಿದ ಪ್ರಶ್ನೆ ಇದು. ಆದರೆ ಹೋರಿಗೆ ಬೀಜ ಒಡೆಸಿ ಎತ್ತು ಮಾಡುವ ಪದ್ಧತಿ ನಮ್ಮ ಒಕ್ಕಲು ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಬಸವನೆಂದು ಕೈಮುಗಿಯುವ ಪ್ರಾಣಿಗೇ, ಅದೂ ಹಿಂದಿನ ಕಾಲದಲ್ಲಿ ಯಾವ ಅರಿವಳಿಕೆಯೂ ಇಲ್ಲದೆ, ಅಷ್ಟು ನೋವು ಕೊಟ್ಟದ್ದು ನಮ್ಮ ದುಡಿಮೆಯ ಅನುಕೂಲಕ್ಕಾಗಿ. ಬೆಕ್ಕಿನ ಶಸ್ತ್ರಚಿಕಿತ್ಸೆಯಾದರೋ ಅರಿವಳಿಕೆ ಕೊಟ್ಟು ವೈದ್ಯರು ಮಾಡುವಂಥದು. ಅದರ ಫಲ ಬೆಕ್ಕಿಗೇ ದೊರೆಯುತ್ತದೆ. ಮೇಲಿಂದ ಮೇಲೆ ಹೆತ್ತು ಬಡಕಲಾಗಿ, ಹೆತ್ತದ್ದನ್ನೆಲ್ಲ ಗೋಣಿಚೀಲಕ್ಕೆ ಒಪ್ಪಿಸುವ ತಾಯ್ತನದಲ್ಲಿ ಯಾವ ಭಾಗ್ಯವಿದೆ? ಗಂಡುಬೆಕ್ಕಿಗೆ ಮಾಡಿಸಿದರೆ ರಾತ್ರಿಯ ಕಾದಾಟ, ಅರಚಾಟ, ಗೋಡೆ ಬಾಗಿಲುಗಳಿಗೆ ಮೂತ್ರ ಸಿಂಪಡಿಸುವ ಉಪದ್ರವ ಬಹುಮಟ್ಟಿಗೆ ತಗ್ಗುತ್ತದೆಂಬುದು ಮನೆಯವರಿಗೂ ಲಾಭ.

ಒಬ್ಬರಿಂದ ಆಗುವ ಕೆಲಸ ಇದಲ್ಲ. ಕೇರಿಯ ಹತ್ತು ಹೆಣ್ಣುಬೆಕ್ಕುಗಳಲ್ಲಿ ಎರಡಕ್ಕೆ ಮಾಡಿಸಿ ಎಂಟನ್ನು ಬಿಟ್ಟರೆ ವರ್ಷದೊಳಗೆ ಮೊದಲಿನ ಸ್ಥಿತಿಯೇ ಮರಳುತ್ತದೆ. ಊರಹಬ್ಬಕ್ಕೆ ಮನೆಗಿಷ್ಟೆಂದು ವಂತಿಗೆ ಎತ್ತುವ ನಮಗೆ ಇದಕ್ಕೂ ಎತ್ತುವುದು ಕಷ್ಟವಾಗಲಾರದು. ತೋಟದ ಲೈನ್ ಮನೆಗಳ ಬೆಕ್ಕುಗಳನ್ನೂ ಲೆಕ್ಕಕ್ಕೆ ಸೇರಿಸಬೇಕು. ಅಲ್ಲಿಯವು ಇಲ್ಲಿಗೆ ಬಾರವೆಂದು ತಿಳಿಯುವುದು ಭ್ರಮೆ. ಸಮೀಪದ ಪಶು ಆಸ್ಪತ್ರೆಯಲ್ಲಿ ಈ ಶಸ್ತ್ರಚಿಕಿತ್ಸೆಗೆ ಅನುಕೂಲವಿದೆಯೇ ಎಂದು ಮೊದಲೇ ವಿಚಾರಿಸಿ ದಿನ ಗೊತ್ತುಮಾಡಿಕೊಳ್ಳಬೇಕು. ಬೀದರಿನ ವಿಶ್ವವಿದ್ಯಾಲಯಕ್ಕೆ ಸೇರಿದ ಪಶುವೈದ್ಯಕೀಯ ಕಾಲೇಜು ನಮ್ಮ ಹಾಸನದಲ್ಲಿಯೇ ಇರುವುದರಿಂದ ಅಲ್ಲಿಯೂ ಸಲಹೆ ಕೇಳಬಹುದು.

ಬೆಕ್ಕನ್ನು ಬರಿಗೈಯಲ್ಲಿ ಹಿಡಿಯಹೋಗಬಾರದು. ಕೆಲವು ದಿನ ಒಂದೇ ಹೊತ್ತಿಗೆ ಒಂದೇ ಸ್ಥಳದಲ್ಲಿ ಆಹಾರವಿಟ್ಟು ರೂಢಿ ಮಾಡಿಸಿ, ಅನಂತರ ಬೋನಿನೊಳಗೆ ಇಡಬೇಕು. ಸಿಕ್ಕಿದೊಡನೆ ಬೋನಿಗೆ ಬಟ್ಟೆ ಹೊದಿಸಿದರೆ ಬೆಕ್ಕು ಗಾಬರಿ ಬಿಟ್ಟು ಸುಮ್ಮನಾಗುತ್ತದೆ. ಯಾರಿಗಾದರೂ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ವೈದ್ಯರನ್ನು ಕಾಣಬೇಕು. ಹುಚ್ಚುರೋಗವು ನಾಯಿಯಿಂದ ಮಾತ್ರ ಬರುವುದಲ್ಲ. ಬೆಕ್ಕಿಗೂ ಶಸ್ತ್ರಚಿಕಿತ್ಸೆಯ ದಿನವೇ ಅದರ ಲಸಿಕೆ ಹಾಕಿಸಬಹುದು. ಹಾಲೂಡುವ ತಾಯಿಯಾದರೆ ಮರಿಗಳು ಅನ್ನ ತಿನ್ನುವವರೆಗೆ ಕಾಯುವುದು ಮೇಲು. ಅರಿವಳಿಕೆಯಲ್ಲಿರುವಾಗಲೇ ಎಡಗಿವಿಯ ತುದಿಯನ್ನು ಚೂರು ಕತ್ತರಿಸಿ ಗುರುತು ಮಾಡುವ ಪದ್ಧತಿ ಹಲವು ದೇಶಗಳಲ್ಲಿದೆ. ಆ ಗುರುತು ಕಂಡರೆ ಅದೇ ಬೆಕ್ಕನ್ನು ಮತ್ತೊಮ್ಮೆ ಹಿಡಿದು ಹಿಂಸಿಸುವ ಪ್ರಮೇಯ ಬಾರದು.

ಕಾಲವನ್ನೂ ನೋಡಿಕೊಳ್ಳಬೇಕು. ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ ಗಾಯ ಒಣಗಿಸುವುದು ಕಷ್ಟ. ಕಾಫಿ ಕೊಯ್ಲು ಬಿರುಸಾದ ಮೇಲೆ ಯಾರಿಗೂ ಬಿಡುವಿರದು. ದಸರೆಯಿಂದ ದೀಪಾವಳಿಯವರೆಗಿನ ವಾರಗಳು ಇದಕ್ಕೆ ತಕ್ಕವು. ಯಾರ ಅಟ್ಟದಲ್ಲಿ ಯಾವ ಬೆಕ್ಕು ಮರಿ ಹಾಕಿದೆಯೆಂಬುದು ಗಂಡಸರಿಗಿಂತ ಮನೆಯ ಹೆಣ್ಣುಮಕ್ಕಳಿಗೇ ಚೆನ್ನಾಗಿ ಗೊತ್ತು. ಕೇರಿಯ ಬೆಕ್ಕುಗಳ ಪಟ್ಟಿಯನ್ನು ಅವರೇ ಬರೆಯಲಿ.