ಕೆಜಿಐಡಿ ನಂಬರಿಲ್ಲದ ಅಕ್ಕೋರು

‘ಎಲ್ಲಾ ಆನ್‌ಲೈನ್ ಮಾಡಿಬಿಟ್ರೆ ಸರ್ಕಾರಿ ಶಾಲೆ ತಾನಾಗೇ ಸರಿಹೋಗುತ್ತೆ’ ಅನ್ನುವ ಮಾತನ್ನು ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೆಲವು ಸಲ ಹೇಳಿದವನು ನಾನೇ. ಸ್ವಾಮಿ, ಆನ್‌ಲೈನ್ ಆಗಿ ಯಾವ ಕಾಲವಾಯ್ತು! ಶಿಕ್ಷಕರ ಸಂಬಳ ಎಚ್‌ಆರ್‌ಎಂಎಸ್‌ನಲ್ಲಿ ಆಗುತ್ತದೆ. ವರ್ಗಾವಣೆಗೆ 2007ರಲ್ಲೇ ಒಂದು ಕಾಯ್ದೆ ಬಂತು, 2020ರಲ್ಲಿ ಇನ್ನೊಂದು. ಕೌನ್ಸೆಲಿಂಗ್ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಶಾಸಕರ ಪತ್ರ ಹಿಡಿದು ಓಡಾಡುವುದು ಕಡಿಮೆಯಾಯಿತು ಅಂದರೆ ಒಪ್ಪುತ್ತೇನೆ, ಅದು ಸಣ್ಣ ಕೆಲಸವಲ್ಲ.

ನನ್ನ ತಕರಾರು ಬೇರೆ. ಈ ಸಿಸ್ಟಂ ಯಾರನ್ನು ನೌಕರ ಅಂತ ಎಣಿಸುತ್ತದೆ?

ನಮ್ಮ ತದಡಿಯ ಕೇರಿಯಲ್ಲಿ ಒಬ್ಬಳು ಅಕ್ಕ ಇದ್ದಾಳೆ. ಡಿಎಡ್ ಮಾಡಿದವಳು. ದಿನಾ ಬೆಳಿಗ್ಗೆ ಧಕ್ಕೆಯಲ್ಲಿ ಬೋಟು ಹತ್ತಿ ಅಘನಾಶಿನಿ ಹೊಳೆ ದಾಟಿ ಆಚೆ ದಡದ ಶಾಲೆಗೆ ಹೋಗುತ್ತಾಳೆ. ಮಕ್ಕಳಿಗೆ ಅವಳು ಅಕ್ಕೋರು. ಇಲಾಖೆಗೆ ‘ಅತಿಥಿ ಶಿಕ್ಷಕಿ’. ನಮ್ಮ ಕಡೆ ಅತಿಥಿ ಬಂದರೆ ಕೂರಿಸಿ ಬೆಲ್ಲ-ನೀರು ಕೊಡುತ್ತಾರೆ. ಈ ಅತಿಥಿಗೆ ಸೆಪ್ಟೆಂಬರಿನಿಂದ ದುಡ್ಡೇ ಬಂದಿರಲಿಲ್ಲ. ಅದನ್ನು ಸಂಬಳ ಅನ್ನುವ ಹಾಗೂ ಇಲ್ಲ, ಗೌರವಧನ ಅನ್ನಬೇಕು. ಗೌರವ ಬಂದಿತ್ತು, ಧನ ಬಾಕಿ.

ದೀಪಾವಳಿಗೆ ಊರಿಗೆ ಹೋದವನು ಅವಳ ಜೊತೆ ಕಚೇರಿಗೂ ಹೋದೆ. ಜಗಳಕ್ಕೆ ರೆಡಿಯಾಗೇ ಹೋಗಿದ್ದೆ ಅನ್ನಿ. ಕೇಸ್ ವರ್ಕರ್ ಮೇಜಿನ ಮೇಲೆ ಸೇವಾ ಪುಸ್ತಕಗಳ ಗುಡ್ಡ. ಒಬ್ಬರದು ಮದುವೆಯಾದ ಮೇಲೆ ಇನಿಷಿಯಲ್ ಬದಲಾದದ್ದು, ಇನ್ನೊಬ್ಬರದು ಹತ್ತು ವರ್ಷದ ಕಾಲಮಿತಿ ಬಡ್ತಿ, ಮತ್ತೊಬ್ಬರ ಗಳಿಕೆ ರಜೆಯ ಲೆಕ್ಕ ತಪ್ಪಿದ್ದು. ನಾನು ಬಾಯಿ ತೆಗೆಯುವ ಮೊದಲೇ ಆ ಮನುಷ್ಯ ಮಾನಿಟರನ್ನು ನನ್ನ ಕಡೆ ತಿರುಗಿಸಿದ. ‘ನೀವು ಸಾಫ್ಟ್‌ವೇರಿನವರಂತಲ್ಲ, ನೋಡಿ. ಕೆಜಿಐಡಿ ನಂಬರ್ ಹಾಕಿದ್ರೆ ಮಾತ್ರ ಇದು ಬಾಯಿ ಬಿಡ್ತದೆ. ಇವರನ್ನ ಎಲ್ಲಿ ಹಾಕ್ಲಿ?’ ಅತಿಥಿ ಶಿಕ್ಷಕರ ಪಟ್ಟಿಯನ್ನು ಪಾಪ ಅವನೇ ಎಕ್ಸೆಲ್‌ನಲ್ಲಿ ಇಟ್ಟುಕೊಂಡಿದ್ದ. ಶಾಲೆಗಳಿಂದ ಹಾಜರಾತಿ ಕಾಗದ ಬರಬೇಕು, ಅವನು ಕೂಡಿಸಬೇಕು, ಮೇಲಿನಿಂದ ಅನುದಾನ ಇಳಿಯಬೇಕು. ನನ್ನ ಜಗಳ ಅಲ್ಲೇ ಮುಗಿಯಿತು.

ಕಾಯಂ ಶಿಕ್ಷಕರಿಗೂ ಗೋಳಿದೆ, ಇಲ್ಲ ಅನ್ನುವುದಿಲ್ಲ. 2006ರ ಏಪ್ರಿಲ್ ನಂತರ ಸೇರಿದವರು ಎನ್‌ಪಿಎಸ್ ಬೇಡ ಅಂತ ಬೀದಿಗಿಳಿದಿದ್ದಾರೆ. ಆದರೆ ಆ ಗೋಳಿಗೂ ಒಂದು ಅಕೌಂಟ್ ನಂಬರ್ ಇದೆ. ನಮ್ಮ ಅಕ್ಕನಿಗೆ? ಐದು ವರ್ಷ ಕಲಿಸಿದ್ದಕ್ಕೆ ಸಾಕ್ಷಿ ಅಂದರೆ ಹೆಡ್‌ಮಾಸ್ತರ ಸಹಿಯ ಐದು ಕಾಗದ. ಏಪ್ರಿಲ್, ಮೇ ತಿಂಗಳಲ್ಲಿ ಅವಳು ಯಾರೂ ಅಲ್ಲ. ಜೂನ್‌ನಲ್ಲಿ ಮತ್ತೆ ಅರ್ಜಿ. ನಡುವೆ ವರ್ಗಾವಣೆಯಲ್ಲಿ ಆ ಹುದ್ದೆಗೆ ಕಾಯಂ ಶಿಕ್ಷಕರು ಬಂದರೆ ಮರುದಿನದಿಂದ ಬೋಟು ಹತ್ತುವ ಅಗತ್ಯವಿಲ್ಲ. ಅಂದಹಾಗೆ ಯು-ಡೈಸ್ ಫಾರಂನಲ್ಲಿ ಅತಿಥಿ ಶಿಕ್ಷಕರಿಗೂ ಜಾಗ ಇದೆ. ಎಣಿಸುವಾಗ ಇದ್ದಾರೆ, ಸಂಬಳದ ದಿನ ಇಲ್ಲ.

60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿರಬೇಕು ಅನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಅವಳ ಶಾಲೆಯಲ್ಲಿ ಆ ಇಬ್ಬರಲ್ಲಿ ಒಬ್ಬಳು ಇವಳೇ. ಹೆಡ್‌ಮಾಸ್ತರು ಮೀಟಿಂಗಿಗೆ ಹೋದ ದಿನ ಒಂದರಿಂದ ಐದನೇ ಕ್ಲಾಸು ಪೂರ್ತಿ ಇವಳದ್ದು.

ಇಂಥದ್ದನ್ನು ನಾವು ‘ಎಡ್ಜ್ ಕೇಸ್’ ಅಂತ ಪಕ್ಕಕ್ಕೆ ಇಡುತ್ತೇವೆ. ಪ್ರತಿ ಜೂನ್‌ಗೂ ತಪ್ಪದೆ ಬರುವುದಕ್ಕೆ ಎಡ್ಜ್ ಕೇಸ್ ಅಂದರೆ ನಮ್ಮ ಟೆಸ್ಟರ್ ನನ್ನನ್ನು ಓಡಿಸಿಕೊಂಡು ಬರುತ್ತಾಳೆ. ನಮ್ಮ ಕಂಪನಿಗೆ ಮೂರು ತಿಂಗಳಿಗೆ ಬರುವ ಇಂಟರ್ನ್‌ಗೂ ಮೊದಲ ದಿನವೇ ಎಂಪ್ಲಾಯಿ ಐಡಿ ಸಿಗುತ್ತದೆ. ಅವಳನ್ನು ಕಾಯಂ ಮಾಡಿ ಅಂತ ನಾನು ಇಲ್ಲಿ ಕೇಳುತ್ತಿಲ್ಲ. ಅದು ನೇಮಕಾತಿ, ಬಜೆಟ್ಟು, ಕೋರ್ಟು ಅಂತ ದೊಡ್ಡ ರಾಮಾಯಣ. ಒಂದು ನಂಬರ್ ಕೊಡಿ. ಕಾಯಂನವರಿಗೆ ಸಂಬಳ ಆಗುವ ದಿನವೇ ಇವರಿಗೂ ಆಗಲಿ. ಕಲಿಸಿದ ವರ್ಷಗಳು ಎಲ್ಲಾದರೂ ದಾಖಲಾಗಲಿ. ಇದಕ್ಕೆ ಯಾವ ದೊಡ್ಡ ತಂತ್ರಜ್ಞಾನವೂ ಬೇಡ. ಟೇಬಲ್ಲಿಗೆ ಒಂದು ಕಾಲಂ ಸೇರಿಸುವ ಮನಸ್ಸು ಬೇಕು.

ಜನವರಿಯಲ್ಲಿ ಫೋನ್ ಮಾಡಿದ್ದಳು. ನಾಲ್ಕು ತಿಂಗಳದ್ದು ಒಟ್ಟಿಗೆ ಬಂತಂತೆ. ಖುಷಿಯಲ್ಲಿದ್ದಳು. ಕೊನೆಗೆ ಮೆಲ್ಲಗೆ, ‘ನಿಮ್ ಕಂಪ್ನಿಲಿ ಡಾಟಾ ಎಂಟ್ರಿ ಕೆಲ್ಸ ಇದ್ರೆ ಹೇಳು ಮಾರಾಯ’ ಅಂದಳು.